ನೋಕಿಗೆ ಮೆತ್ತಿದ ಟಾರು

ಇದು ನಿಜವಾಗಿ ನಡೆದ ಕಥೆ. ನಿಮಗೆ ನಂಬಿಕೆ ಬರಲಿ ಎಂದು ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಬೆಕ್ಕು ಮಾತಾಡುವುದಿಲ್ಲ. ಮಾತಾಡಬೇಕಾದ ಮನುಷ್ಯನೇ ಮಾತು ಬಿಟ್ಟು ಕೂತಿದ್ದ.

ಅವನ ಹೆಸರು ವಿಲ್ಹೋ. ಫಿನ್ಲೆಂಡಿನ ಕರಾವಳಿಯಾಚೆ ಒಂದು ಪುಟ್ಟ ದ್ವೀಪದಲ್ಲಿ ಮರದ ದೋಣಿಗಳನ್ನು ರಿಪೇರಿ ಮಾಡಿಕೊಂಡಿದ್ದವನು. ಬೇಸಿಗೆಗೆ ಪೇಟೆಯವರು ಬಂದು ತಮ್ಮ ಮನೆಗಳ ಬೀಗ ತೆಗೆಯುವವರೆಗೆ ಅಲ್ಲಿ ಹೊಗೆಯಾಡುವ ಚಿಮಣಿ ಅವನದೊಂದೇ. ಹೆಂಡತಿ ಸಿರ್ಕಾ ತೀರಿಕೊಂಡ ಮೇಲೆ ಮನೆಯಲ್ಲಿ ಕೇಳುವ ಇನ್ನೊಂದು ದನಿ ರೇಡಿಯೋದ್ದು. ಸಮುದ್ರದ ಹವಾಮಾನ ಓದುವವನು "ಗಾಳಿ ಜೋರಾಗಲಿದೆ" ಎಂದರೆ ವಿಲ್ಹೋ "ಆಯ್ತಪ್ಪಾ, ನೋಡ್ಕೋತೀನಿ" ಎನ್ನುತ್ತಿದ್ದ. ಅತ್ತ ಕಡೆಯಿಂದ ಯಾರೂ "ಹೂಂ" ಎನ್ನುತ್ತಿರಲಿಲ್ಲ.

ಒಂದು ಬೆಕ್ಕಿತ್ತು. ಹಾಲಿನಷ್ಟು ಬಿಳಿ. ಸಿರ್ಕಾ ಅದಕ್ಕಿಟ್ಟ ಹೆಸರು ನೋಕಿ. ಅವರ ಭಾಷೆಯಲ್ಲಿ ಹಾಗೆಂದರೆ ಮಸಿ. ತಮಾಷೆಯೂ ಅವಳದು, ಬೆಕ್ಕೂ ಅವಳದು. ವಿಲ್ಹೋನನ್ನು ಅದು ಕುರ್ಚಿ ಮೇಜುಗಳ ಲೆಕ್ಕಕ್ಕೆ ಸೇರಿಸಿಬಿಟ್ಟಿತ್ತು. ಅವಳು ಹೋದ ಮೇಲೂ ಬಹಳ ಕಾಲ ಅವಳ ಕುರ್ಚಿಯಲ್ಲೇ ಬಾಗಿಲು ನೋಡುತ್ತ ಕೂತಿರುತ್ತಿತ್ತು. ಈ ಚಳಿಗಾಲ ಮುಗಿಯುವ ಹೊತ್ತಿಗೆ, ಅದಕ್ಕೇನನ್ನಿಸಿತೋ, ಬಂದು ಅವನ ಹಾಸಿಗೆಯಲ್ಲಿ ಕಾಲ ಬಳಿ ಮಲಗಿತು. ಎಲ್ಲಿ ಎದ್ದು ಹೋಗುತ್ತದೋ ಎಂದು ವಿಲ್ಹೋ ಬೆಳಗಿನವರೆಗೆ ಕಾಲು ಅಲುಗಿಸಲಿಲ್ಲ.

ಮೇ ತಿಂಗಳು ಬಂತು. ಅಲ್ಲಿ ಅದು ದೋಣಿಗೆ ಟಾರು ಬಳಿಯುವ ಕಾಲ. ರಸ್ತೆಗೆ ಹಾಕುವ ಡಾಂಬರಲ್ಲ, ಪೈನ್ ಮರದಿಂದ ಇಳಿಸಿದ ಕಂದು ರಸ. ಜೇನಿನಷ್ಟು ಮಂದ, ಹೊಗೆಯ ವಾಸನೆ. ಟರ್ಪೆಂಟೈನ್ ಬೆರೆಸಿ ತೆಳು ಮಾಡಿ ಬಳಿಯುತ್ತಾರೆ. ವಿಲ್ಹೋ ದೋಣಿಯನ್ನು ಬೋರಲು ಹಾಕಿ, ಬಳಿದು ಮುಗಿಸಿ, ಕಾಫಿ ತರಲು ಒಳಗೆ ಹೋದ. ಬಿಸಿಲಿಗೆ ಕಾದ ದೋಣಿಯ ಬೆನ್ನು ಬೆಕ್ಕಿಗೆ ಒಲೆಯ ಮಗ್ಗುಲಿನಂತೆ ಕಂಡಿರಬೇಕು. ಅವನು ಹೊರಗೆ ಬರುವಷ್ಟರಲ್ಲಿ ಅದು ಅಲ್ಲಿ ಹೊರಳಾಡಿ, ಕೆಳಗೆ ಹಾರಿ, ಹೆಸರಿಗೆ ತಕ್ಕ ಬೆಕ್ಕಾಗಿತ್ತು. ಒಂದು ಮಗ್ಗುಲೆಲ್ಲ ಟಾರು. ಕೂತು ನೆಕ್ಕಲು ಶುರುಮಾಡಿತ್ತು.

ವಿಲ್ಹೋಗೆ ಗಾಬರಿಯೇನೂ ಆಗಲಿಲ್ಲ. ಆ ದೇಶದ ಎಲ್ಲರಂತೆ ಅವನೂ ಟಾರಿನ ಪರಿಮಳದ ಮಿಠಾಯಿ ಚೀಪಿ ಬೆಳೆದವನು, ಟಾರಿನ ಸೋಪಿನಲ್ಲಿ ತಲೆ ತೊಳೆಯುವವನು. ಹಳೆ ಬಟ್ಟೆಯೊಂದನ್ನು ಟರ್ಪೆಂಟೈನಿನಲ್ಲಿ ಅದ್ದಿ, "ಬಾ ಇಲ್ಲಿ" ಎಂದು ಬೆಕ್ಕಿನ ಕಡೆ ಹೊರಟ.

ಅಷ್ಟರಲ್ಲಿ ದಡಕ್ಕೆ ಮೋಟಾರು ದೋಣಿಯೊಂದು ಬಂತು. ಬಂದವಳು ಎದುರು ದಡದ ತೂಲಿಕ್ಕಿ. ಪೇಟೆಯ ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸು. ರಜೆಯ ದಿನ ಅವನಿಗೆ ಬ್ರೆಡ್ಡು, ಹಾಲು ತಂದುಕೊಟ್ಟು ಹೋಗುವವಳು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದು ಅವಳ ಗಂಟಲಲ್ಲಿ ಮನೆ ಮಾಡುತ್ತಿತ್ತು.

"ಏಯ್! ಏನದು ಬಟ್ಟೇಲಿ? ದೋಣೀವರೆಗೂ ಮೂಗಿಗೆ ಹೊಡೀತಿದೆ!"

"ಟರ್ಪೆಂಟೈನ್. ಇನ್ನೇನು, ಪನ್ನೀರಾ? ಬೆಕ್ಕಿಗೆ ಟಾರು ಹತ್ತಿದೆ, ಒರೆಸ್ತೀನಿ."

"ಮೊದ್ಲು ಅದನ್ನ ಕೆಳಗಿಡು ಮಾರಾಯ. ಬೆಕ್ಕನ್ನ ಎತ್ಕೋ. ನೆಕ್ಕೋಕೆ ಬಿಡ್ಬೇಡ."

"ನನ್ನ ಕೈಗೆ ದಿನಾ ಇದನ್ನೇ ಹಚ್ಚಿ ತೊಳ್ಕೋತೀನಿ. ನಾನೇನು ಸತ್ತೋದ್ನಾ?"

"ಆಮೇಲೆ ಆ ಕೈನ ನೆಕ್ತೀಯಾ?"

ವಿಲ್ಹೋ ಯೋಚಿಸಿ ನೋಡಿದ. "ಇಲ್ಲ."

"ಅದು ನೆಕ್ಕುತ್ತೆ. ಮೈಗೆ ಏನು ಹಚ್ಚಿದ್ರೂ ಬೆಕ್ಕು ಹೊಟ್ಟೆಗೆ ಹಾಕ್ಕೊಳ್ಳುತ್ತೆ. ಟರ್ಪೆಂಟೈನ್ ಚರ್ಮ ಸುಡುತ್ತೆ, ಅದರ ಆವಿ ಎದೆಗಿಳಿಯುತ್ತೆ."

"ಹೋಗ್ಲಿ, ಟಾರು ಹಾಗೇ ಇರ್ಲಿ ಬಿಡು. ನಮ್ಮಜ್ಜಿ ಗಾಯಕ್ಕೆಲ್ಲ ಟಾರೇ ಹಚ್ತಿದ್ಲು. ಟಾರು ಔಷಧ ಕಣೇ!"

"'ಟಾರು ಔಷಧ ಕಣೇ!'" ತೂಲಿಕ್ಕಿ ಅವನದೇ ಒಡಕು ದನಿಯಲ್ಲಿ, ಅವನಂತೆಯೇ ಹುಬ್ಬೇರಿಸಿ ಹೇಳಿದಳು. "ನಿಂಗೆ ಔಷಧ ಇರ್ಬಹುದು. ಬೆಕ್ಕಿನ ಲಿವರ್‌ಗೆ ಅದನ್ನ ಅರಗಿಸೋ ಶಕ್ತಿ ಇಲ್ಲ. ಅದಕ್ಕೆ ವಿಷ."

"ಹಂಗಾದ್ರೆ ಕತ್ತರಿ ತರ್ತೀನಿ."

"ತಾ, ತಾ! ಬೆಕ್ಕಿನ ಚರ್ಮ ತೆಳೂ ಕಾಗದ ಇದ್ದಂಗೆ. ಕೂದ್ಲು ಅಂದ್ಕೊಂಡು ಚರ್ಮ ಕತ್ತರಿಸಿ, ಅಳ್ತಾ ಬರೋರನ್ನ ಎಷ್ಟು ಜನ ನೋಡಿಲ್ಲ ನಾನು."

ವಿಲ್ಹೋ ಬೆಕ್ಕನ್ನು ಎತ್ತಿಕೊಂಡ. ಅದರ ಎದೆ ಅವನ ಅಂಗೈಯಲ್ಲಿ ಪಟಪಟ ಬಡಿಯುತ್ತಿತ್ತು.

"ಸಾಯುತ್ತಾ?" ಎಂದ.

ಈ ದನಿಯನ್ನು ತೂಲಿಕ್ಕಿ ಅಣಕಿಸಲಿಲ್ಲ. "ಈಗ್ಲೇ ತೆಗೆದ್ರೆ ಭಯ ಇಲ್ಲ, ನಡಿ ಒಳಗೆ" ಎಂದು ಆಸ್ಪತ್ರೆಯ ಡಾಕ್ಟರಿಗೆ ಫೋನು ಹಚ್ಚಿ, ಅವನಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು. ಅವರದು ಮೂಗಿನಿಂದ ಬರುವ ಗಡಸು ದನಿ.

"ನೆಕ್ಕಿದ್ಯಾ? ಸ್ವಲ್ಪ ತಾನೇ? ವಾಂತಿ ಮಾಡಿಸೋ ಸಾಹಸ ಮಾತ್ರ ಬೇಡ. ಎಣ್ಣೆ ಹಾಕಿ ತೆಗೀರಿ, ತೊಳೀರಿ, ಒಣಗಿಸಿ, ಸಂಜೆಯೊಳಗೆ ಕರ್ಕೊಂಡು ಬನ್ನಿ. ಮಧ್ಯದಲ್ಲಿ ಜೊಲ್ಲು ಸುರಿಸಿದ್ರೆ, ವಾಂತಿ ಮಾಡಿದ್ರೆ, ತೂರಾಡಿದ್ರೆ, ಉಸಿರಿಗೆ ಕಷ್ಟಪಟ್ರೆ, ಎಲ್ಲಾ ಬಿಟ್ಟು ತಕ್ಷಣ ಹೊರಡಿ."

ಅಡುಗೆಮನೆಯಲ್ಲಿ ಕೆಲಸ ಶುರುವಾಯಿತು. ತೂಲಿಕ್ಕಿ ಕೈಗವಸು ಹಾಕಿಕೊಂಡಳು. ಬೆಕ್ಕನ್ನು ದಪ್ಪ ಟವೆಲಿನಲ್ಲಿ ಸುತ್ತಿ ಟಾರು ಮೆತ್ತಿದ ಮಗ್ಗುಲನ್ನಷ್ಟೇ ಹೊರಗೆ ಬಿಟ್ಟಳು. ಸುತ್ತುವಾಗ ನೋಕಿ ಬಿಡಿಸಿಕೊಂಡು ವಿಲ್ಹೋನ ಎದೆಯೇರಿ, ಅವನ ಗಡ್ಡಕ್ಕೂ ಧಾರಾಳವಾಗಿ ಟಾರು ಹಂಚಿತು.

"ನಿನ್ನ ಕೆಲ್ಸ ಹಿಡ್ಕೊಳ್ಳೋದು, ಮಾತಾಡಿಸೋದು" ಎಂದಳು ತೂಲಿಕ್ಕಿ.

"ಏನು ಮಾತಾಡ್ಲಿ? ಅಭ್ಯಾಸ ಇಲ್ಲ."

"ಹವಾಮಾನದೋನ ಹತ್ರ ಮಾತಾಡ್ತೀಯಲ್ಲ, ಹಾಗೇ."

ವಿಲ್ಹೋ ಬೆಕ್ಕಿನ ಕಿವಿಯ ಹತ್ತಿರ ಬಗ್ಗಿ ಇವತ್ತಿನ ಗಾಳಿ, ಅಲೆ, ನಾಳೆಯ ಮೋಡ ಎಲ್ಲ ವರದಿ ಮಾಡಿದ. ಆಮೇಲೆ ಸಿರ್ಕಾ ಇದ್ದಿದ್ದರೆ ತನ್ನನ್ನು ಹೇಗೆ ಬೈಯುತ್ತಿದ್ದಳೆಂದೂ ಹೇಳಿದ. ತೂಲಿಕ್ಕಿ ಕೇಳಿಸದವಳಂತೆ ಅಡುಗೆ ಎಣ್ಣೆಯನ್ನು ಟಾರಿನ ಮೇಲೆ ಸುರಿದು ಬೆರಳಲ್ಲಿ ಮೆಲ್ಲಗೆ ತಿಕ್ಕಿದಳು. ಸ್ವಲ್ಪ ಹೊತ್ತು ಬಿಟ್ಟಳು. ಟಾರು ಸಡಿಲವಾಯಿತು. ಹಳೆ ಬಟ್ಟೆಯಿಂದ ಕೂದಲಿನ ಜಾಡಿನಲ್ಲೇ ಒರೆಸಿದಳು. ಮತ್ತೆ ಎಣ್ಣೆ, ಮತ್ತೆ ಬಟ್ಟೆ. ಬಟ್ಟೆ ಬಿಳಿಯಾಗೇ ಬರತೊಡಗಿದ ಮೇಲೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೌಮ್ಯ ಸೋಪು ಒಂದಿಷ್ಟು. ಎಣ್ಣೆಯ ಜಿಡ್ಡೂ ಸೋಪೂ ಉಳಿಯದಂತೆ ಚೆನ್ನಾಗಿ ತೊಳೆದಳು. ಹಿಂಗಾಲಿನಲ್ಲಿ ಒಂದು ಗಂಟು ಉಳಿಯಿತು. ವಿಲ್ಹೋ ಎಳೆಯಹೋದ.

"ಬಿಡೋ! ಎಳೀಬೇಡ. ಆಸ್ಪತ್ರೇಲಿ ಕೂದ್ಲು ಬೋಳಿಸೋ ಮೆಷಿನ್ನಲ್ಲಿ ತೆಗೀತಾರೆ."

ಒದ್ದೆ ಬೆಕ್ಕನ್ನು ಒರೆಸಿ, ಒಣ ಟವೆಲಿನಲ್ಲಿ ಸುತ್ತಿ ಒಲೆಯ ಹತ್ತಿರ ಮಲಗಿಸಿದರು. ಅದು ಒಣಗುತ್ತಿರಲಿ. ಅಷ್ಟರಲ್ಲಿ, ಓದುತ್ತಿರುವ ನಿಮ್ಮ ಜೊತೆ ಎರಡು ಮಾತು.

ನೋಕಿ ಬದುಕಿತು. ಸಂಜೆ ಡಾಕ್ಟರು ನೋಡಿ ಹೊಟ್ಟೆಗೇನೂ ಆಗಿಲ್ಲ ಎಂದರು. ಎಲ್ಲ ಬೆಕ್ಕುಗಳ ದಡಕ್ಕೂ ತೂಲಿಕ್ಕಿ ಬರುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಬೆಕ್ಕಿಗೆ ಹತ್ತುವುದು ಹಲಸಿನ ಮೇಣವಿರಬಹುದು, ಚೂಯಿಂಗ್ ಗಮ್ ಇರಬಹುದು, ಇಲಿ ಹಿಡಿಯುವ ಅಂಟಿನ ಹಲಗೆಯಿರಬಹುದು. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್, ನೀಲಗಿರಿ ಎಣ್ಣೆ ಯಾವುದನ್ನೂ ಹತ್ತಿರ ತರಬೇಡಿ. ಕತ್ತರಿ ಬೇಡ, ಎಳೆದಾಟ ಬೇಡ. ಬೆಕ್ಕು ನೆಕ್ಕದಂತೆ ಸುತ್ತಿ ಹಿಡಿಯಿರಿ, ಅಡುಗೆ ಎಣ್ಣೆ ತಿಕ್ಕಿ ಸಡಿಲ ಮಾಡಿ, ಒರೆಸಿ, ತೊಳೆದು, ಬೆಚ್ಚಗೆ ಒಣಗಿಸಿ. ಕಣ್ಣಿಗೆ ಬಾಯಿಗೆ ಹತ್ತಿದ್ದರೆ, ಮೈತುಂಬ ಮೆತ್ತಿದ್ದರೆ, ತಕ್ಷಣ ಗಟ್ಟಿಯಾಗುವ ಅಂಟಾಗಿದ್ದರೆ, ಬಿಸಿ ಡಾಂಬರಾಗಿದ್ದರೆ ಮನೆಮದ್ದು ಬೇಡ. ನೇರವಾಗಿ ಪಶುವೈದ್ಯರ ಬಳಿಗೆ ಹೋಗಿ. ಟಾರು, ಬಣ್ಣದಂಥದ್ದನ್ನು ನೆಕ್ಕಿದ್ದರೆ ಮೊದಲು ಅವರಿಗೆ ಫೋನ್ ಮಾಡಿ. ಅಂಟು ಬಿಡಿಸಲು ಅವಸರ ಬೇಡ, ಬಲ್ಲವರನ್ನು ಕೇಳಲು ತಡ ಬೇಡ. ಪಕ್ಕದಲ್ಲಿ ಒಂಟಿಯಾಗಿ ಬೆಕ್ಕು ಸಾಕಿಕೊಂಡವರಿದ್ದರೆ ಇದನ್ನು ಓದಿ ಹೇಳಿ. ಬೆಕ್ಕಿಲ್ಲದಿದ್ದರೂ ಹೋಗಿ ಬನ್ನಿ.

ಇತ್ತ ವಿಲ್ಹೋ ಒಲೆಯ ಮುಂದೆ ಬೆಕ್ಕನ್ನೇ ನೋಡುತ್ತ ಕೂತಿದ್ದ. ತೂಲಿಕ್ಕಿ ಫೋನಿನಲ್ಲಿ ಮಾತಾಡುತ್ತೇನೆಂದು ಪಕ್ಕದ ಕೋಣೆಗೆ ಹೋದಳು. ಒಳಗಿನಿಂದ ಡಾಕ್ಟರ ಮೂಗಿನ ದನಿ ಕೇಳಿತು: "ಯಜಮಾನ್ರ ಗಡ್ಡದಲ್ಲೂ ಟಾರಾ? ಅಯ್ಯೋ, ಬೆಕ್ಕು ಅದನ್ನೂ ನೆಕ್ಕಿಬಿಡುತ್ತೆ. ಅವರನ್ನೂ ಟವೆಲಲ್ಲಿ ಸುತ್ತಿ ತೆಗೀರಿ. ಹುಷಾರು, ಪರಚಬಹುದು."

"ನಾನ್ಯಾಕೆ ಪರಚ್ಲಿ ಡಾಕ್ಟ್ರೇ!" ಎಂದು ವಿಲ್ಹೋ ಕೂತಲ್ಲಿಂದಲೇ ಕೂಗಿದ.

ತೂಲಿಕ್ಕಿ ಗಂಭೀರವಾಗಿ ಬಂದು ಅವನನ್ನು ಕುತ್ತಿಗೆಯವರೆಗೆ ಟವೆಲಿನಲ್ಲಿ ಬಿಗಿದಳು. ಗಡ್ಡಕ್ಕೆ ಎಣ್ಣೆ ಹಾಕಿ ಮೆಲ್ಲಗೆ ತಿಕ್ಕಿದಳು. ಆ ಮುಖವನ್ನು ಇನ್ನೊಬ್ಬರ ಕೈ ಮುಟ್ಟಿ ಎಷ್ಟೋ ಕಾಲವಾಗಿತ್ತು. ವಿಲ್ಹೋ ಕಣ್ಣು ಮುಚ್ಚಿ, ಉಸಿರೂ ಜೋರಾಗಿ ಬಿಡದೆ ಕೂತ. ಆಗ ಅವನ ಕಿವಿಯ ಪಕ್ಕದಲ್ಲೇ ಡಾಕ್ಟರು ಹೇಳಿದರು: "ಕಿವಿ ಹಿಂದೆ ಸ್ವಲ್ಪ ಕೆರೀರಿ. ಗಂಡು ಬೆಕ್ಕು, ಸುಮ್ಮನಾಗುತ್ತೆ."

ವಿಲ್ಹೋ ಕಣ್ಣು ಬಿಟ್ಟ. ಕೋಣೆಯಲ್ಲಿ ಡಾಕ್ಟರಿಲ್ಲ. ಫೋನು ಮೇಜಿನ ಮೇಲೆ ಪರದೆ ಆರಿ ಕಪ್ಪಗೆ ಬಿದ್ದಿತ್ತು. ತೂಲಿಕ್ಕಿ ತುಟಿ ಕಚ್ಚಿ ಹಿಡಿದಿದ್ದಳು.

ಅವನು ಒಮ್ಮೆ ಫೋನನ್ನು, ಒಮ್ಮೆ ಅವಳನ್ನು ನೋಡಿದ. ಹುಡುಗಾಟ ಅತಿಯಾಯಿತೇನೋ ಎಂದು ತೂಲಿಕ್ಕಿಗೆ ಅಳುಕಾಯಿತು. ಟವೆಲಿನೊಳಗೆ ಅವನ ಹೆಗಲು ಅದುರಿತು. ಗಂಟಲಿನಿಂದ ತುಕ್ಕು ಹಿಡಿದಂಥ ಸದ್ದೊಂದು ಹೊರಟು, ಸಿಕ್ಕಿಕೊಂಡು, ಮತ್ತೆ ಹೊರಟು, ಕೊನೆಗೆ ನಗುವಾಯಿತು. ತೂಲಿಕ್ಕಿಯೂ ನಕ್ಕಳು, ಆದರೆ ಅವನ ನಗುವಿನ ಅಬ್ಬರದಲ್ಲಿ ಅವಳದು ಕೇಳಿಸಲೇ ಇಲ್ಲ. ನೋಕಿ ಬೆಚ್ಚಿ ತಲೆಯೆತ್ತಿ, ಗಡ್ಡದಿಂದ ಎಣ್ಣೆ ತೊಟ್ಟಿಕ್ಕಿಸುತ್ತ ಬಿದ್ದು ಬಿದ್ದು ನಗುತ್ತಿದ್ದ ಆ ಮನುಷ್ಯನನ್ನು ಹೊಸಬನನ್ನು ನೋಡುವಂತೆ ನೋಡಿತು.