ದರಿ ಮತ್ತು ದರ್ಯಾ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನನ್ನ ಮನೆಯ ಸಂಗತಿಯಲ್ಲ, ಪಕ್ಕದ ಮನೆಯದು. ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಎಂಬುದು ಇನ್ನೂ ಖಾತ್ರಿಯಾಗಿಲ್ಲ. ಹಗಲೆಲ್ಲ ಮರಾಠಿ ಸೀಮೆಯ ಗಡಿಯ ಉಮದಿಯ ಗಿರಣಿಯಲ್ಲಿ ಜೋಳ ಬೀಸಿ, ಸಂಜೆಯ ಕಂದೀಲಿನ ಸಾಲೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿದವನು ನಾನು. ಒಂದು ವಾಕ್ಯ ಬರೆದರೆ ಎರಡು ಸಲ ಹೊಡೆದುಹಾಕುತ್ತೇನೆ. ಆದರೆ ಅಂದು ಆ ಸೇತುವೆಯ ಎದುರು ನಿಂತಿದ್ದ ಮೂವರಲ್ಲಿ ಒಬ್ಬರು ಈಗ ಇಲ್ಲ. ಇನ್ನೊಬ್ಬರು ಅದರ ಮಾತೆತ್ತುವುದಿಲ್ಲ. ಉಳಿದವನು ನಾನೇ.

ಜಮೀರ ನಮ್ಮ ಪಕ್ಕದ ಮನೆಯ ಕಾಸೀಂಸಾಬರ ಒಬ್ಬನೇ ಮಗ. ಕಲ್ಲು ಒಡೆಯುವುದರಲ್ಲಿ ಅವನ ಕೈ ಬಲವಾಗಿತ್ತು. ಕೊಂಕಣದಲ್ಲಿ ಹೊಸ ರೈಲುಹಳಿ ಹಾಕುವಾಗ ಗುಡ್ಡ ಕೊರೆದು ಬೊಗದೆ ಮಾಡುವ ಕೆಲಸಕ್ಕೆ ಹೊರಟ. ಸುರಂಗಕ್ಕೆ ನಾವು ಮರಾಠಿಯಂತೆ ಬೊಗದೆ ಎಂದೇ ಅನ್ನುತ್ತೇವೆ. ಅವನನ್ನು ಕಳಿಸಲು ನಾನೂ ಬಸ್ಸಿನ ತನಕ ಹೋಗಿದ್ದೆ. ಗಾಡಿ ಹೊರಟಾಗ ಅವನು ಕಿಟಕಿಯಲ್ಲಿ ಅಂಗೈಯನ್ನು ನೆತ್ತಿಯ ಮೇಲಿಟ್ಟುಕೊಂಡ. ಅದು ಅವರ ಮನೆತನದ ರೀತಿ. ನಿಮ್ಮ ದುವಾ ನನ್ನ ತಲೆಯ ಮೇಲಿದೆ ಎಂಬಂತೆ ಹೋಗುವವರೂ ಉಳಿಯುವವರೂ ನೆತ್ತಿ ಮುಟ್ಟಿಕೊಳ್ಳುತ್ತಾರೆ. ನನಗೆ ಗೊತ್ತಿರಲಿಲ್ಲ, ಕೈ ಬೀಸಿದೆ. ಕಾಸೀಂಸಾಬರು ನನ್ನ ಮಣಿಕಟ್ಟು ಹಿಡಿದು ಕೆಳಗಿಳಿಸಿದರು.

“ಏ ಕಂದೀಲ ಮಾಸ್ತರ, ಕೈ ಬೀಸೂದು ನೊಣಕ್ಕ, ಇಲ್ಲಾಂದ್ರ ಹೆಣಕ್ಕ. ಇದನ್ನ ಕಲಸಲಿಲ್ಲೇನ ನಿನ್ನ ಸಂಜಿ ಸಾಲ್ಯಾಗ?”

ಜಮೀರನ ಹೆಂಡತಿ ಸೈರಾಬಾನು ಸೆರಗಿನೊಳಗೆ ನಕ್ಕಳು. ಅವಳೂ ನೆತ್ತಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು.

ತೊಂಬತ್ತೇಳರ ಮಳೆಗಾಲದಲ್ಲಿ ಊರಿನ ಫೋನ್ ಬೂತಿಗೆ ಕರೆ ಬಂತು. ಜಮೀರನ ಜೊತೆ ಕೆಲಸ ಮಾಡುವ ತುಕಾರಾಮನೆಂಬವನು ಮಾಡಿದ್ದು. ಒಂದೇ ರಿಸೀವರಿಗೆ ಮಾವ ಒಂದು ಕಡೆಯಿಂದ, ಸೊಸೆ ಒಂದು ಕಡೆಯಿಂದ ಕಿವಿ ಹಚ್ಚಿದರು. ಅವನು ಮರಾಠಿಯಲ್ಲಿ ಒಂದು ಮಾತು ಕೂಗಿದ, ಲೈನು ಕಡಿಯಿತು. ಕಾಸೀಂಸಾಬರಿಗೆ ಕೇಳಿಸಿದ್ದು, ‘ಜಮೀರ ದರೀತ ಗೇಲಾ.’ ಗೇಲಾ ಎಂದರೆ ಹೋದ, ದರಿ ಎಂದರೆ ಕಮರಿ, ಆಳದ ಕೊಳ್ಳ. ಸೈರಾಬಾನುವಿಗೆ ಕೇಳಿಸಿದ್ದು, ‘ಜಮೀರ ದರ್ಯಾತ ಗೇಲಾ.’ ದರ್ಯಾ ಎಂದರೆ ಸಮುದ್ರ. ಅಲ್ಲಿ ಮೀನಿನ ದೋಣಿಯವರು ಆಳು ಹುಡುಕುತ್ತಾರೆಂದು ಹಿಂದಿನ ಸಲ ಬಂದಾಗ ಜಮೀರನೇ ಹೇಳಿದ್ದನಂತೆ.

ತುಕಾರಾಮ ಮತ್ತೆ ಫೋನ್ ಮಾಡಲಿಲ್ಲ. ಕಾಸೀಂಸಾಬರು ಹುಡುಕಿಕೊಂಡು ಹೋದಾಗ ಅಲ್ಲಿಯ ಕೆಲಸ ಮುಗಿದು, ತಗಡಿನ ಶೆಡ್ಡುಗಳನ್ನು ಕಿತ್ತುಕೊಂಡು ಹೋಗಿದ್ದರು.

ಆಮೇಲೆ ಒಂದು ವರ್ಷ ಆ ಮನೆಯಲ್ಲಿ ಮಾವ ಸೊಸೆ ಒಬ್ಬರಿಗೊಬ್ಬರು ಊಟಕ್ಕೆ ನೀಡುತ್ತ, ಅದೊಂದೇ ಮಾತಿಗೆ ಜಗಳಾಡುತ್ತ ಇದ್ದರು. ನಡುವಿನ ಗೋಡೆ ಮಣ್ಣಿನದು. ಕೇಳಬಾರದೆಂದರೂ ನನಗೆ ಕೇಳುತ್ತಿತ್ತು.

“ಮಣ್ಣ ಸಿಗಲಿಲ್ಲ, ನಮಾಜರ ಬ್ಯಾಡೇನವ್ವಾ? ನನ್ನ ಮಗಾ ಹಂಗ ಬಿದ್ದಾನ.”

“ದರ್ಯಾದಾಗ ಜೀವಂತ ಇದ್ದಾವಗ ಸತ್ತಾವರ ನಮಾಜ ಮಾಡಿದ್ರ, ನಾವ ಕೊಂದಂಗ ಆಗತೈತಿ ಅಬ್ಬಾ.”

ನಮಾಜ ಆದರೆ ಅವಳು ವಿಧವೆ. ಕೊರಳ ಕರಿಮಣಿ ತೆಗೆದು ಇದ್ದತ್ತಿಗೆ, ಅಂದರೆ ಗಂಡ ಸತ್ತವಳು ಹೊಸ್ತಿಲು ದಾಟದೆ ಇರುವ ದಿನಗಳಿಗೆ, ಕೂರಬೇಕು. ಆಗದಿದ್ದರೆ ಮುದುಕನ ಮಗನಿಗೆ ದುವಾ ಇಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಹಳಿಯ ಮೇಲೆ ರೈಲು ಓಡತೊಡಗಿದ ವರ್ಷ, ಮಳೆ ನಿಂತ ಮೇಲೆ, ಮೂವರೂ ಹೋಗುವುದೆಂದಾಯಿತು. ಅಲ್ಲಿಯವರನ್ನು ಮರಾಠಿಯಲ್ಲಿ ಕೇಳಿ ತಿಳಿದು ನಾನು ಏನು ಹೇಳುತ್ತೇನೋ ಅದನ್ನು ಇಬ್ಬರೂ ಒಪ್ಪಬೇಕು. ನನ್ನ ಮರಾಠಿ ಕಂದೀಲಿನ ಬೆಳಕಿನಲ್ಲಿ ಕಲಿತದ್ದು.

ಜತ್ತ, ಮಿರಜ, ಕೊಲ್ಹಾಪುರ ದಾಟಿ ಘಾಟಿನ ಕೆಳಗಿಳಿದೆವು. ರತ್ನಾಗಿರಿಯ ಆಚೆ, ಶೆಡ್ಡುಗಳಿದ್ದ ಜಾಗದ ಹತ್ತಿರ ಒಂದು ಚಹಾದಂಗಡಿ ಇತ್ತು. ಎದುರಿಗೆ ಎರಡು ಹಸಿರು ಗುಡ್ಡ, ಎರಡಕ್ಕೂ ಒಂದೊಂದು ಬೊಗದೆ, ನಡುವೆ ಎತ್ತರದ ಸೇತುವೆ. ಸೇತುವೆಯ ಕಂಬಗಳ ಸಂದಿಯಿಂದ ಸಮುದ್ರ ಕಾಣುತ್ತಿತ್ತು. ನಾವು ಮೂವರೂ ಅದನ್ನು ಮೊದಲ ಸಲ ಅಷ್ಟು ಹೊತ್ತು ನೋಡಿದ್ದು.

“ಇದಕ ಆ ಕಡಿ ದಂಡಿ ಇಲ್ಲೇನೋ ಮಾಸ್ತರ?”

“ಐತ್ರಿ. ಕಾಣೂದಿಲ್ಲ.”

“ಮತ್ತ ಐತಿ ಅಂತ ಯಾರ ಅಂದ್ರು? ನಿನ್ನ ಪುಸ್ತಕಾ?” ಎಂದು ಕಾಸೀಂಸಾಬರು ನಕ್ಕರು. ಆ ಪ್ರವಾಸದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಚಹಾದವನು ಒಳ್ಳೆಯವನೇ. ಘಟ್ಟದ ಮೇಲಿನಿಂದ ಬಂದ ಕೂಲಿಗಳನ್ನು ಅವನು ಘಾಟಿ ಎನ್ನುತ್ತಿದ್ದ. ಆ ಮಳೆಗಾಲದಲ್ಲಿ ಒಬ್ಬ ಘಾಟಿ ಮಣ್ಣಿನ ಜೊತೆ ದರಿಗೆ ಜಾರಿದನಂತೆ, ದೇಹ ಸಿಗಲಿಲ್ಲವಂತೆ. ಅದೇ ಸುಮಾರಿಗೆ ಇನ್ನೊಬ್ಬ ಘಾಟಿ ಮುಕಾದಮನೊಡನೆ, ಅಂದರೆ ಕೂಲಿಗಳ ಮೇಸ್ತ್ರಿಯೊಡನೆ, ಜಗಳಾಡಿ ಮೀನಿನ ದೋಣಿ ಹತ್ತಿ ಹೋದನಂತೆ. ಅವರಲ್ಲಿ ಜಮೀರ ಯಾರು ಎಂದು ಕೇಳಿದೆ. ಜಮೀರನ ಎತ್ತರ, ಮೈಬಣ್ಣ ಹೇಳಿದೆ. ಅವನು ಚಹಾದ ಪಾತ್ರೆ ಕೆಳಗಿಟ್ಟು ನೆನಪು ಮಾಡಿಕೊಳ್ಳಲು ನೋಡಿದ.

“ಏನು ಹೇಳಲಿ, ನಮಗೆ ಘಾಟಿಗಳ ಮುಖ ಎಲ್ಲವೂ ಒಂದೇ,” ಎಂದ. ಅದರಲ್ಲಿ ಕೊಂಕು ಇರಲಿಲ್ಲ.

ಸೇತುವೆಯ ಕೆಳಗೆ ಬೆರಳು ತೋರಿಸಿ, ಅದೇ ದರಿ ಎಂದ. ಇಣುಕಿ ನೋಡಿದೆವು. ಆಳದಲ್ಲಿ ನೀರು ಮಿಂಚುತ್ತಿತ್ತು. ಸಮುದ್ರ ಒಳಗೆ ಬಂದಿತ್ತು. ಇದು ದರಿಯೋ ದರ್ಯಾವೋ ಎಂದು ನಾನು ಕೇಳಿದಾಗ ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

“ಭರತದ ನೀರು ಏರಿದರೆ ದರ್ಯಾ, ಇಳಿದರೆ ದರಿ.”

ಅದನ್ನು ಕನ್ನಡದಲ್ಲಿ ಹೇಳುವ ಅಗತ್ಯ ಇರಲಿಲ್ಲ. ಇಬ್ಬರಿಗೂ ಅರ್ಥವಾಗಿತ್ತು.

ವಾಪಸು ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಕೆಂಪು ಕಲ್ಲಿನ ದಿಬ್ಬದ ಮೇಲೆ ಕೂತು ರೈಲು ನೋಡಿದೆವು. ಮೊದಲು ಬೊಗದೆಯೊಳಗೆ ಗುಡುಗಿದಂತಾಗುತ್ತಿತ್ತು. ಆಮೇಲೆ ಗಾಡಿ ಹೊರಬಿದ್ದು, ಬಿಸಿಲಿನಲ್ಲಿ ಸೇತುವೆ ದಾಟಿ, ಎದುರಿನ ಬೊಗದೆಯೊಳಗೆ ಹೋಗುತ್ತಿತ್ತು. ಸಮುದ್ರ ಕಂಡ ಖುಷಿಗೆ ಒಳಗಿನವರೆಲ್ಲ ಕೈ ಬೀಸುತ್ತಿದ್ದರು. ಅಷ್ಟು ಚೆಂದದ ಜಾಗವನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ. ಅಷ್ಟು ಬಿಸಿಲಿದ್ದರೂ ಆ ದಿಬ್ಬದ ಮೇಲೆ ನನಗೆ ಮೈ ಬೆಚ್ಚಗಾಗಲಿಲ್ಲ.

ಮಧ್ಯಾಹ್ನದ ಪ್ಯಾಸೆಂಜರ್ ಹೋದ ಮೇಲೆ ಸೈರಾಬಾನು ಎದ್ದು ನನ್ನ ಕಡೆ ತಿರುಗಿದಳು.

“ನಾಗಣ್ಣಾ, ಕಡೀ ಡಬ್ಬಿ ಬಾಗಲದಾಗ ಒಬ್ಬಾವ ಇದ್ದ. ಕೈ ಬೀಸಲಿಲ್ಲ. ತಲಿಮ್ಯಾಲ ಇಟ್ಟಿದ್ದ.”

“ಗಾಳಿಗಿ ಟೊಪಗಿ ಹಿಡಕೊಂಡಿರಬೇಕವ್ವಾ,” ಎಂದರು ಕಾಸೀಂಸಾಬರು.

“ಟೊಪಗಿ ಇರಲಿಲ್ಲ ಅಬ್ಬಾ.”

ಆ ಸಂಜೆ ಯಾರೂ ಊಟ ಮಾಡಲಿಲ್ಲ. ಚಹಾದವನು ಹಾಸಲು ಚಾಪೆ ಕೊಟ್ಟ.

ಮರುದಿನ ಅದೇ ಗಾಡಿಗೆ ಕಾದೆವು. ಗುಡ್ಡ ಗುಡುಗಿತು. ಎಂಜಿನ್ನು ಬಂತು, ಡಬ್ಬಿಗಳು ಬಂದವು, ಕೈಗಳು ಬಂದವು. ಕೊನೆಯ ಡಬ್ಬಿಯ ಬಾಗಿಲಲ್ಲಿ ಬಿಳಿ ಅಂಗಿಯ ಒಬ್ಬ ಮನುಷ್ಯ ನಿಂತಿದ್ದ. ಅವನ ಬಲಗೈ ನೆತ್ತಿಯ ಮೇಲಿತ್ತು. ಈ ಸಲ ನಾನೂ ಕಂಡೆ. ಗಾಳಿ ಇತ್ತು, ಅವನು ಹಾರುವ ಕೂದಲನ್ನು ಒತ್ತಿ ಹಿಡಿದಿರಬಹುದು. ಬಿಸಿಲಿಗೆ ಕೈ ಅಡ್ಡ ಇಟ್ಟಿರಬಹುದು. ಮುಖ ನನಗೆ ಕಾಣಲಿಲ್ಲ. ಕಾಸೀಂಸಾಬರ ಕಣ್ಣಿಗೆ ಪೊರೆ ಬಂದಿತ್ತು, ಅವರಿಗೆ ಡಬ್ಬಿಗಳೇ ಮಸುಕು.

ಸೈರಾಬಾನು ನೆತ್ತಿಯ ಕಡೆಗೆ ಕೈ ಎತ್ತಿದಳು. ಅದು ಅರ್ಧಕ್ಕೆ ನಿಂತಿತು. ಆಮೇಲೆ ಆ ಕೈಯನ್ನು ಮುಂದೆ ಚಾಚಿ, ನಿಧಾನವಾಗಿ, ದೊಡ್ಡದಾಗಿ ಬೀಸಿದಳು. ಬಾಗಿಲು ಎದುರಿನ ಬೊಗದೆಯೊಳಗೆ ಹೋದ ಮೇಲೂ ಬೀಸುತ್ತಲೇ ಇದ್ದಳು.

ಹತ್ತಿರವಿದ್ದ ಆ ಕೈ ಮುದುಕನಿಗೆ ಕಂಡಿತು. ಕೈ ಬೀಸುವುದು ಹೆಣಕ್ಕೆ ಎಂದಿದ್ದವರು ಅವರೇ. ಅವರು ತಂಬಿಗೆಯ ನೀರಿನಲ್ಲಿ ಕೈಕಾಲು ಮುಖ ತೊಳೆದು, ಪಡುವಣಕ್ಕೆ ಮುಖ ಮಾಡಿ ನಿಂತರು. ಆ ನಮಾಜಿನಲ್ಲಿ ಬಾಗುವುದಿಲ್ಲ, ನೆಟ್ಟಗೆ ನಿಂತೇ ಮುಗಿಸುತ್ತಾರೆ. ಅವರು ನಿಂತ ದಿಕ್ಕಿನಲ್ಲೇ ದರಿಯೂ ಇತ್ತು, ಅದರ ಆಚೆ ದರ್ಯಾವೂ ಇತ್ತು. ಸೈರಾಬಾನು ಕರಿಮಣಿ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಬಸ್ಸಿನ ಕಡೆ ನಡೆಯುವಾಗ ನನ್ನ ಪಕ್ಕಕ್ಕೆ ಬಂದು ಕೇಳಿದಳು.

“ನಿನಗೂ ಕಂಡ?”

“ಹೂಂ.”

“ಅಬ್ಬಾಗ ಹೇಳಬ್ಯಾಡ.”

ಹೇಳಲಿಲ್ಲ. ಅವಳು ಇದ್ದತ್ತಿಗೆ ಕೂತಳು, ಎದ್ದಳು, ಹೊಲಿಗೆ ಮಿಷಿನ್ ತುಳಿದು ಮಾವನನ್ನು ಕಡೆಯ ತನಕ ನೋಡಿಕೊಂಡಳು. ಅವಳು ಸತ್ತವನಿಗೇ ಕೈ ಬೀಸಿದಳೆಂದು ನಾನೂ ನೆಮ್ಮದಿಯಿಂದ ನಂಬಿಕೊಂಡಿದ್ದೆ.

ಎರಡು ಸಾವಿರದ ಆರರಲ್ಲಿ ಕಾಸೀಂಸಾಬರು ತೀರಿಕೊಂಡರು. ಶವದ ಡೋಲಿ ಎತ್ತಿದಾಗ ಹೆಗಲು ಕೊಡಲು ನಾನೂ ಅಂಗಳದಲ್ಲಿದ್ದೆ. ಸೈರಾಬಾನು ಬಾಗಿಲಲ್ಲಿ ನಿಂತಿದ್ದಳು. ಹೆಣಕ್ಕೆ ಅವಳು ಕೈ ಬೀಸಲಿಲ್ಲ. ಡೋಲಿ ಓಣಿ ತಿರುಗುವ ತನಕ ಅಂಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡೇ ಇದ್ದಳು.

ಅಂದಿನಿಂದ ನನ್ನ ನೆಮ್ಮದಿ ಹೋಗಿದೆ. ಸತ್ತವರಿಗೂ ಅವಳು ನೆತ್ತಿಯನ್ನೇ ಮುಟ್ಟಿಕೊಳ್ಳುವುದಾದರೆ ಅಂದು ಕೈ ಬೀಸಿದ್ದು ಯಾರಿಗೆ? ಒಂದು ಸಲ ಅವಳನ್ನು ಕೇಳಲು ಹೋದೆ. ಎಂದೂ ಇಲ್ಲದ ಬಹುವಚನದಲ್ಲಿ ಬರ್ರಿ ಕುಂದ್ರಿ ಎಂದು ಚಹಾ ಕೊಟ್ಟು, ಮಿಷಿನ್ ತುಳಿಯತೊಡಗಿದಳು. ತುಕಾರಾಮ ಅಂದು ಹೇಳಿದ್ದು ಯಾವ ಮಾತು, ಬಾಗಿಲಲ್ಲಿ ನಿಂತವನು ಯಾರು, ಅವಳು ಕೈ ಬೀಸಿ ಕಳಿಸಿಕೊಟ್ಟದ್ದು ಸತ್ತ ಗಂಡನನ್ನೋ ಜೀವಂತ ಇದ್ದೂ ಇಳಿದು ಬಾರದವನನ್ನೋ, ನನಗೆ ಗೊತ್ತಿಲ್ಲ.