ಸುಣ್ಣ ಹಿಡಿದಿಟ್ಟ ಗೊಬ್ಬರ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಬೇರೆಯವರಿಗೆ, ಪಾಮನಕಲ್ಲೂರಿನ ಪಂಪಮ್ಮನಿಗಲ್ಲ. ಸಿಂಧನೂರು ಕಡೆಯ ಕಾಲುವೆ ಗದ್ದೆಯಲ್ಲಿ ಅವಳು ಡಿಎಪಿ ಗೊಬ್ಬರವನ್ನು ಎರಚಿ ಉಗ್ಗಿಸಿದರೆ ಭತ್ತ ಎದ್ದು ನಿಲ್ಲುತ್ತಿತ್ತು. ಹಾಗಾಗಿ ಊರಿನ ಒಣ ಎರೆಹೊಲವನ್ನು ಪಾಲಿಗೆ ಮಾಡುತ್ತಿದ್ದ ದುರುಗಪ್ಪನಿಗೂ ಅದೇ ಅಪ್ಪಣೆ: "ಮ್ಯಾಲ ಕೈಲೆ ಉಗ್ಗು." ಅವನು ಉಗ್ಗಿದ. ಜೋಳ ಮೊಣಕಾಲು ಮುಟ್ಟುವ ಮೊದಲೇ ಎಲೆಗಳು ನೇರಳೆಗೆ ತಿರುಗಿ ಬೆಳೆ ಕುಂಟಿತು.

ಗೊಬ್ಬರ ಉಂಡ ಬೆಳೆ ಹೀಗಿರುತ್ತದೆಯೇ? ಚೀಲಗಳನ್ನು ಇವನೇ ಮಾರಿಕೊಂಡಿದ್ದಾನೆ ಎಂದು ಪಂಪಮ್ಮ ತೀರ್ಮಾನಿಸಿದಳು. ದೇವರ ಜಗುಲಿಯಿಂದ ವಿಭೂತಿ ಗಟ್ಟಿ ತಂದು ಅವನ ಮುಂದೆ ಹಿಡಿದಳು. ಅವನ ಹೆಂಡತಿ ಯಂಕಮ್ಮ ತಲೆ ತಗ್ಗಿಸಿ ನಿಂತಿದ್ದಳು. ಪಂಪಮ್ಮನ ಬಾಣಂತನ ಮಾಡಿದವಳೇ ಅವಳು.

ದುರುಗಪ್ಪ ವಿಭೂತಿ ಮುಟ್ಟಿದ. "ಗೊಬ್ಬರ ಎಲ್ಲಾ ಹೊಲದಾಗ ಐತ್ರಿ ಅಮ್ಮಾರ."

ಆಣೆ ಮಾಡಿದ ಮೇಲೆ ನಂಬಬೇಕು, ಅದು ಊರ ರೀತಿ. ಪಂಪಮ್ಮ ನಂಬಲಿಲ್ಲ, ಹೊಲ ಬಿಡಿಸಿದಳು. ಗಂಡ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಸಿಂಧನೂರು ಬಳಿಯ ಆರ್.ಎಚ್. ಕ್ಯಾಂಪಿಗೆ ಭತ್ತದ ನಾಟಿ ಕೆಲಸಕ್ಕೆ ಹೋದರು.

ಮರುವರ್ಷ ಅವಳು ತಾನೇ ಬದುವಿನ ಮೇಲೆ ಕುಳಿತು, ಕಣ್ಣೆದುರೇ ಉಗ್ಗಿಸಿದಳು. ಜೋಳ ಮತ್ತೆ ನೇರಳೆಯಾಯಿತು. ಈಗ ಯಾರ ಮುಂದೆ ವಿಭೂತಿ ಹಿಡಿಯುವುದು?

ಲಿಂಗಸುಗೂರಿನಲ್ಲಿ ಕೃಷಿ ಇಲಾಖೆಯಲ್ಲಿದ್ದ ಅಕ್ಕನ ಮಗ ಅನಿಲಕುಮಾರನನ್ನು ಕರೆಸಿದಳು. ಅವನು ಮಣ್ಣಿನೊಳಗಿನ ಬಿಳಿ ಹರಳುಗಳನ್ನು ಆರಿಸಿ, ಅಂಗೈಯಲ್ಲಿಟ್ಟು, ನಿಂಬೆಹಣ್ಣು ಹಿಂಡಿದ. ಬುಸುಬುಸು ನೊರೆ ಎದ್ದಿತು.

"ಇದು ಸುಣ್ಣದ ಭೂಮಿ ಚಿಗವ್ವ. ಡಿಎಪಿಯೊಳಗಿನ, ಬೆಳಿಗೆ ಬೇಕಾದ ರಂಜಕಾನ ಸುಣ್ಣ ಹಿಡಕೊಂಡು ಕುಂತೈತಿ. ನೀರು ನಿಂತ ಗದ್ದಿಗೆ ಉಗ್ಗಿದಂಗ ಈ ಒಣಹೊಲಕ್ಕ ಉಗ್ಗಿದ್ರ ಬೇರಿಗೆ ಹತ್ತಂಗಿಲ್ಲ. ಬಿತ್ತುವಾಗ ಸಾಲಿನ್ಯಾಗ, ಬೀಜದ ಬುಡಕ್ಕ ಬೀಳಬೇಕು, ತಿಪ್ಪಿಗೊಬ್ಬರದ ಜೋಡಿ."

"ಮತ್ತ ಹೋದ ವರ್ಷದ್ದು ಎಲ್ಲಿ ಹೋತು?"

"ಎಲ್ಲಿ ಹೋಗ್ತೈತಿ? ಹೊಲದಾಗ ಐತಿ."

ದುರುಗಪ್ಪ ವಿಭೂತಿ ಮುಟ್ಟಿ ಹೇಳಿದ್ದೂ ಅದನ್ನೇ. ಪಂಪಮ್ಮನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ಮರುದಿನ ರೊಟ್ಟಿಗಂಟು ಹಿಡಿದು, ಮಸ್ಕಿಯಲ್ಲಿ ಬಸ್ಸು ಬದಲಿಸಿ ಕ್ಯಾಂಪಿಗೆ ಹೋದಳು. ಸುಣ್ಣದ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದಳು. "ತಪ್ಪು ನಂದು. ಹೊಲ ನಿಮ್ಮ ದಾರಿ ಕಾಯಾಕತ್ತೈತಿ, ಬರ್ರಿ."

ದುರುಗಪ್ಪ ತನ್ನ ಕಾಲಿನ ಕೆಸರು ನೋಡುತ್ತ ನಿಂತ. ಯಂಕಮ್ಮ ನೀರು ಕೊಟ್ಟಳು. ರೊಟ್ಟಿಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಸಿಟ್ಟು ಐತೇನು ಯಂಕಮ್ಮ?"

"ಇಲ್ರೀ ಅಮ್ಮಾರ. ನಿಮ್ಮ ಮ್ಯಾಲಿನ ಪ್ರೀತಿ ಎಲ್ಲೂ ಹೋಗಿಲ್ಲ, ಒಳಗ ಐತಿ. ಆದ್ರ ನಿಮ್ಮ ಹೊಲದ ಗೊಬ್ಬರದಂಗ ಆಗೇತ್ರಿ. ಬೇರಿಗೆ ಹತ್ತವಲ್ದು."

ಅವರು ಬರಲಿಲ್ಲ. ಮುಂದಿನ ಬಿತ್ತನೆಗೆ ಪಂಪಮ್ಮ ಗೊಬ್ಬರವನ್ನು ಸಾಲಿನಲ್ಲೇ ಬಿಡಿಸಿದಳು. ಜೋಳ ಆಳೆತ್ತರ ಬಂದು ತೆನೆ ತೂಗಿತು. ಪ್ರತಿವರ್ಷ ಹಸಿ ತೆನೆ ಸುಟ್ಟು, ಸೀತನಿಯ ಎಳೆಕಾಳು ಉದುರಿಸಿ, ಬಿಸಿಬಿಸಿಯಾಗಿ ಅವಳ ಉಡಿಗೆ ಹಾಕುತ್ತಿದ್ದವಳು ಯಂಕಮ್ಮ. ಆ ವರ್ಷ ಪಂಪಮ್ಮ ಸೀತನಿ ತಿನ್ನಲಿಲ್ಲ.