ಹಲಗೆಯೊಳಗೆ ಹುದುಗಿಸಿದ ಬಲ್ಬು

ಹದಿನಾರು ಎಂಬ ನಮ್ಮೂರಿನಲ್ಲಿ ಪಕ್ಕದ ಮನೆ ಮಹದೇವಮ್ಮ ಹೊಸ ಮನೆ ಕಟ್ಟಿಸಿದಳು. ಹಜಾರಕ್ಕೆ ಮರದ ಹಲಗೆಯ ಸೀಲಿಂಗು, ಅದರ ಮೇಲೆ ಅಟ್ಟ. ಹಲಗೆಗೆ ದುಂಡನೆಯ ತೂತು ಕೊರೆಸಿ, ತಗಡಿನ ಗೂಡು ಕೂರಿಸಿ, ಬಲ್ಬು ಒಳಗೇ ಹುದುಗುವಂತೆ ಮಾಡಿಸಿದ್ದಳು. ಗೃಹಪ್ರವೇಶದ ದಿನ ಸಿದ್ದಲಿಂಗಮ್ಮನಾದ ನಾನು ಬಾಯಿ ತುಂಬ ಹೊಗಳಿದೆ. ಹೊಗಳಿದ್ದೇ ತಪ್ಪಾಯಿತು.

ಆಮೇಲೆ ಅಲ್ಲಿ ಬಲ್ಬು ನಿಲ್ಲಲೇ ಇಲ್ಲ. ಹಾಕಿದ ವಾರಕ್ಕೆಲ್ಲ ಹೋಗಿಬಿಡುವುದು. ದೀಪ ಹಚ್ಚಿದರೆ ಹಜಾರದಲ್ಲಿ ಸೀದ ವಾಸನೆ. ಮಹದೇವಮ್ಮ ಮೆಣಸಿನಕಾಯಿ ನಿವಾಳಿಸಿ, ನನ್ನ ಕಣ್ಣೇ ಬಿದ್ದಿದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ದಿನವೂ ನನ್ನ ಮನೆಗೆ ಓಡಿಬರುತ್ತಿದ್ದ ತನ್ನ ಮೊಮ್ಮಗಳು ಬಿಂದುಶ್ರೀಯನ್ನೂ ತಡೆದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಮಗು ಮಲಗುವುದು ಅದೇ ದೀಪದ ಕೆಳಗೆ. ಅದನ್ನು ನೆನೆದರೆ ಸಿಟ್ಟಿಗಿಂತ ಭಯವೇ ಹೆಚ್ಚಾಗುತ್ತಿತ್ತು.

ನನ್ನ ತಮ್ಮ ದೇವರಾಜು ನಂಜನಗೂಡಿನಲ್ಲಿ ವೈರಿಂಗ್ ಕೆಲಸ ಮಾಡುತ್ತಾನೆ. ಅವನನ್ನು ಕರೆದುಕೊಂಡು ಹೋದೆ. ಮಹದೇವಮ್ಮ ಬಾಗಿಲಲ್ಲೇ ಅಡ್ಡ ನಿಂತಳು.

"ಅಕ್ಕ ಕಣ್ಣಾಕದು, ತಮ್ಮ ಬಂದು ಬಲ್ಬ್ ಮಾರದು. ಒಳ್ಳೆ ಯಾಪಾರ ಕಣವ್ವ ನಿಮ್ದು."

ದೇವರಾಜು ಮೇನ್ ಸ್ವಿಚ್ ಆಫ್ ಮಾಡಿ, ಅವಳ ಕೈಗೆ ಟಾರ್ಚ್ ಕೊಟ್ಟು, ನೀವೇ ಅಟ್ಟ ಹತ್ತಿ ನೋಡಿ, ಆಮೇಲೆ ಬೈಯಿರಿ ಎಂದ. ಬಲ್ಬಿನ ಗೂಡಿನ ಮೇಲೆಯೇ ಅವಳು ಖಾಲಿ ಗೋಣಿಚೀಲಗಳನ್ನು ಪೇರಿಸಿಟ್ಟಿದ್ದಳು. ಅಡಿಯ ಚೀಲ ಎತ್ತಿದರೆ ಕರಕಲಾಗಿ ಕೈಗೆ ಪುಡಿಪುಡಿ ಬಂತು. ಇಳಿದು ಬಂದವಳು ಆ ಕರಕಲನ್ನು ನನ್ನ ಮುಂದೆ ಹಿಡಿದಳು.

"ಇದ್ರಡೀಲೇ ನಮ್ ಕೂಸು ಮಲೀಕತಿತ್ತು ಕಣವ್ವ."

ತೂಗುಬಿಟ್ಟ ಬಲ್ಬಿನ ಕಾವು ಗಾಳಿಗೆ ಹೋಗುತ್ತದೆ, ಗೂಡಿನೊಳಗಿನ ಕಾವಿಗೆ ದಾರಿಯಿಲ್ಲ ಎಂದು ದೇವರಾಜು ತಿಳಿಸಿದ. ಮೊದಲು ಬಲ್ಬು ಹೋಗುತ್ತದೆ, ಆಮೇಲೆ ವೈರು, ಕೊನೆಗೆ ಮನೆಯೇ. ಗೂಡಿನ ಅಂಚಿನಲ್ಲಿ ನಲವತ್ತು ವ್ಯಾಟ್ ದಾಟಬಾರದು ಎಂದು ಬರೆದಿತ್ತು. ಅವಳು ಹಾಕಿದ್ದು ನೂರರದ್ದು. ಅವನು ಚೀಲಗಳನ್ನೆಲ್ಲ ತೆಗೆಸಿ, ಬೆಂದ ವೈರು ಬದಲಿಸಿ, ಹನ್ನೊಂದು ವ್ಯಾಟಿನ ಸಿಎಫ್‌ಎಲ್ ಬಲ್ಬು ಕೈಗೆ ತೆಗೆದುಕೊಂಡ. ಮಹದೇವಮ್ಮನ ಅನುಮಾನ ಇನ್ನೂ ಹೋಗಿರಲಿಲ್ಲ.

"ಅನ್ನೊಂದ್ರಲ್ಲಿ ಏನ್ ಬೆಳಕು ಬಂದದ್ಲಾ? ನಂಗೇ ಟೋಪಿ ಆಕ್ತಿದ್ದೀಯಾ?"

"ವ್ಯಾಟ್ ಅಂದ್ರೆ ಅದು ತಿನ್ನೋ ಕರೆಂಟು ಕಣಕ್ಕ, ಕೊಡೋ ಬೆಳಕಲ್ಲ," ಎಂದು ಅವನು ಬಲ್ಬು ಕೂರಿಸಿ, ಮೇನ್ ಆನ್ ಮಾಡಿ ಸ್ವಿಚ್ ಒತ್ತಿದ.

ಹಜಾರವೆಲ್ಲ ಬೆಳಗಿತು. ಅವಳು ಸುಮಾರು ಹೊತ್ತು ಮೇಲೆ ನೋಡುತ್ತ ಮೂಗಿನಲ್ಲಿ ವಾಸನೆ ಹಿಡಿದಳು. ಏನೂ ಇರಲಿಲ್ಲ. ತಪ್ಪಾಯಿತು ಎನ್ನುವುದು ಅವಳ ಜಾಯಮಾನದಲ್ಲಿಲ್ಲ. ಬಿಂದುಶ್ರೀಯನ್ನು ಕರೆದು, ಸಿದ್ದಲಿಂಗಜ್ಜಿ ಮನೆಗೆ ಹೋಗಿ ಉಂಡುಕೊಂಡು ಬಾ ಎಂದಳು. ನನಗೆ ಅಷ್ಟೇ ಸಾಕಾಗಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸೀಲಿಂಗಿನೊಳಗೂ ಬಲ್ಬು ಹುದುಗಿದೆಯೇ? ಗೂಡಿನ ಮೇಲೆ ಬರೆದಿರುವ ವ್ಯಾಟ್ ಓದಿ, ಅದನ್ನು ದಾಟಬೇಡಿ. ಮೇಲುಗಡೆ ಚೀಲ, ಬಟ್ಟೆ ಪೇರಿಸಬೇಡಿ. ಸೀದ ವಾಸನೆ ಬಂದರೆ ಮೇನ್ ಆಫ್ ಮಾಡಿ, ವೈರ್‌ಮನ್ನನ್ನು ಕರೆಸಿ. ಅನುಮಾನ ಪಡಲೇಬೇಕು ಎನಿಸಿದರೆ ಪಕ್ಕದ ಮನೆಯವಳ ಕಣ್ಣಿನ ಮೇಲೆ ಬೇಡ, ಮೊದಲು ನಿಮ್ಮ ಬಲ್ಬಿನ ಮೇಲೆ ಪಡಿ.